ಡಾರ್ಮೆಟ್ರಿ ಅತ್ತೆ

ನಮ್ಮ ಸೋದರತ್ತೆ ಮೂರು ಸಲ ತಿರುಪತಿಗೆ ಹೋಗಿ ಬಂದಿದ್ದಾಳೆ, ತಿಮ್ಮಪ್ಪನನ್ನು ಮಾತ್ರ ಒಂದು ಸಲವೂ ನೋಡಿಲ್ಲ. ಧರ್ಮಸ್ಥಳಕ್ಕೆ ಹೋದಾಗ ಮಂಜುನಾಥನನ್ನು ನೋಡಲಿಲ್ಲ, ಮಂತ್ರಾಲಯಕ್ಕೆ ಹೋದಾಗ ರಾಯರನ್ನೂ ನೋಡಲಿಲ್ಲ. ಹಾಗಾದರೆ ಅಷ್ಟು ದೂರ ಯಾಕೆ ಹೋಗುತ್ತಾಳೆ ಅಂತೀರಾ? ಮಲಗುವುದಕ್ಕೆ!

ನೀವು ನಗುತ್ತೀರಿ. ನಾವೂ ಮೊದಮೊದಲು ನಕ್ಕವರೇ. ಹಡಗಲಿಯಲ್ಲಿ ಸ್ವಂತ ಮನೆಗೆ ಬೀಗ ಹಾಕಿ, ಒಂದು ಕೈಚೀಲ ಹಿಡಿದುಕೊಂಡು ಒಬ್ಬಳೇ ಬಸ್ಸು ಹತ್ತುತ್ತಾಳೆ. ಯಾವುದೋ ಊರಲ್ಲಿ ಇಳಿದು, ಹೆಂಗಸರೆಲ್ಲ ಸಾಲಾಗಿ ಮಲಗುವ ಡಾರ್ಮೆಟ್ರಿಯಲ್ಲಿ ಒಂದು ಮಂಚ ಹಿಡಿಯುತ್ತಾಳೆ. ಗುರುತು ಪರಿಚಯ ಇಲ್ಲದವರ ಗೊರಕೆ, ಕೆಮ್ಮು, ಸಂಸಾರದ ಗೋಳು ಇವುಗಳ ನಡುವೆ ಎರಡು ರಾತ್ರಿ ಸುಖವಾಗಿ ನಿದ್ದೆ ಮಾಡಿ ವಾಪಸು ಬರುತ್ತಾಳೆ. ಪ್ರಸಾದ ತರುವುದಿಲ್ಲ, ಫೋಟೊ ತರುವುದಿಲ್ಲ. ನಾನೊಂದು ಸಲ ತಡೆಯಲಾರದೆ ಕೇಳಿಯೇಬಿಟ್ಟೆ.

"ಅಲ್ಲತ್ತಿ, ಅಲ್ಲೀತನ ಹೋಗಿ ದರ್ಶನ ಮಾಡದ ಬಂದಿಯಲ್ಲ, ಏನನಬೇಕು ನಿನಗ?"

ಅವಳು ಕೊರಳಲ್ಲಿದ್ದ ದಾರವನ್ನು ಹಿಡಿದು ತೋರಿಸಿದಳು. "ನನ್ನ ದೇವರು ಇಲ್ಲೇ ಅದಾನ. ಮಂದಿ ಮನಿ ದೇವರ ನೋಡಾಕ ನಾ ಯಾಕ ಕ್ಯೂ ನಿಂದ್ರಲಿ? ಕ್ಯೂನಾಗ ನಿಂತರ ಮುಂದಿನಾಕಿ ಬೆನ್ನು ಕಾಣತೈತಿ. ಹಾಲ್‌ನಾಗ ಮಲಗಿದರ ಮುಖ ಕಾಣತೈತಿ."

ನಮ್ಮದು ಲಿಂಗ ಕಟ್ಟುವ ಮನೆತನ. ಅವಳು ಸಣ್ಣ ಹುಡುಗಿಯಾಗಿದ್ದಾಗ ಮನೆತನದ ಗುರುಗಳು, ಅಯ್ಯನವರು, ಕಟ್ಟಿದ ಲಿಂಗ ಅವಳ ಎದೆ ಬಿಟ್ಟು ಒಂದು ದಿನವೂ ಇಳಿದಿರಲಿಲ್ಲ. ಮುಂಜಾನೆ ಸ್ನಾನ ಮಾಡಿ, ಅದನ್ನು ವಸ್ತ್ರದಿಂದ ಬಿಚ್ಚಿ, ಎಡ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ ಹೂವು ಇಟ್ಟು ಕಣ್ಣು ಮುಚ್ಚಿ ಕೂರುತ್ತಾಳೆ. ಆ ಪೂಜೆ ಮುಗಿಯುವ ತನಕ ಹನಿ ನೀರು ಬಾಯಿಗೆ ಹಾಕುವವಳಲ್ಲ. ನನಗೂ ಒಂದು ಲಿಂಗ ಇದೆ, ಇಲ್ಲ ಅನ್ನಬೇಡಿ. ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿದೆ. ಕಳೆದುಹೋಗುವ ಭಯವೇ ಇಲ್ಲ!

ಅತ್ತೆಯ ಇನ್ನೊಂದು ವಿಚಿತ್ರ ಕೇಳಿ. ಡಾರ್ಮೆಟ್ರಿಯಲ್ಲಿ ಸಿಕ್ಕವರ ಹೆಸರು ಅವಳಿಗೆ ನೆನಪಿರುವುದಿಲ್ಲ, ಊರು ಮಾತ್ರ ನೆನಪಿರುತ್ತದೆ. ಹಾಗಾಗಿ ನನಗೆ ಫೋನ್ ಮಾಡಿದರೆ ಹೀಗೆ ಮಾತಾಡುತ್ತಾಳೆ: "ಗದಗಿಗೆ ಮಂಡಿನೋವು ಹೆಚ್ಚಾಗೈತಂತ. ಗುಂತಕಲ್ಲಿಗೆ ಗಂಡು ಮೊಮ್ಮಗ ಹುಟ್ಯಾನ. ತುಮಕೂರು ಮಾತ್ರ ಫೋನ್ ಎತ್ತವಲ್ದು, ಸೊಸಿ ಜತಿ ಮತ್ತ ಜಗಳಾಡಿರಬೇಕು." ನಮ್ಮೆಜಮಾನರು ಒಂದು ದಿನ ಪಕ್ಕದಲ್ಲೇ ಕೂತು ಇದನ್ನು ಕೇಳಿಸಿಕೊಂಡು, "ನಿಮ್ಮತ್ತಿ ಏನು ರೈಲ್ವೆದಾಗ ಕೆಲಸಕ್ಕ ಸೇರ್ಯಾಳೇನು?" ಅಂದರು.

ಹಂಪಿಯ ಕಡೆ ಹೊಳೆ ದಾಟಿದರೆ ಬೆನ್ನಿಗೆ ಚೀಲ ಹಾಕಿಕೊಂಡು ಬರುವ ಹುಡುಗ ಹುಡುಗಿಯರು ಇಳಿದುಕೊಳ್ಳುವ ಹಾಸ್ಟೆಲ್‌ಗಳಿವೆಯಲ್ಲ, ಅಲ್ಲಿಗೂ ಹೋಗಿ ಬಂದಳು ಮಹಾತಾಯಿ. ರೈಲಿನ ಬರ್ತಿನ ಹಾಗೆ ಒಂದರ ಮೇಲೊಂದು ಮಂಚ. ಇವಳಿಗೆ ಸಿಕ್ಕಿದ್ದು ಮೇಲಿನದು. ಇಳಕಲ್ ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ ಏಣಿ ಹತ್ತಲು ಹೊರಟವಳನ್ನು ನೋಡಿ, ಕೆಳಗಿನ ಮಂಚದ ಉದ್ದನೆಯ ಬಿಳಿ ಹುಡುಗಿ ಗಾಬರಿಯಾಗಿ ತನ್ನ ಜಾಗ ಬಿಟ್ಟುಕೊಟ್ಟಿತಂತೆ. ಅತ್ತೆಯ ಚೀಲದಲ್ಲಿ ಬಟ್ಟೆ ಇರುತ್ತದೋ ಇಲ್ಲವೋ, ಹಡಗಲಿ ಮಲ್ಲಿಗೆ ಇದ್ದೇ ಇರುತ್ತದೆ. ಎಲ್ಲಿ ಇಳಿದರೂ ಅಕ್ಕಪಕ್ಕದ ಮಂಚದವರಿಗೆಲ್ಲ ಒಂದೊಂದು ತುಂಡು ಮುಡಿಸುವುದು ಪದ್ಧತಿ. ಆ ಹುಡುಗಿಯ ತಲೆಯಲ್ಲಿ ಹೂವು ನಿಲ್ಲುವಷ್ಟು ಕೂದಲಿರಲಿಲ್ಲ, ಮುಂಗೈಗೆ ಕಟ್ಟಿ ಬಂದಳು. ಬಂದವಳು ಎರಡು ದಿನ ಮಂಕಾಗಿದ್ದಳು. ಯಾಕತ್ತಿ ಅಂದರೆ, "ಪೋಲೆಂಡಿಗೆ ಯಾರೂ ಇಲ್ಲಂತವ್ವ. ಅಪ್ಪ ಒಂದು ಕಡಿ, ಅವ್ವ ಒಂದು ಕಡಿ" ಅಂದಳು. ಇವಳಿಗೆ ಇಂಗ್ಲಿಷು ಬರುವುದಿಲ್ಲ, ಅವಳಿಗೆ ಕನ್ನಡ ಬರುವುದಿಲ್ಲ. ಇಷ್ಟೆಲ್ಲ ಹೇಗೆ ಗೊತ್ತಾಯಿತು ಅಂತ ನನ್ನನ್ನು ಕೇಳಬೇಡಿ.

ಇದನ್ನೆಲ್ಲ ನಾನು ಸಹಿಸಿಕೊಂಡಿದ್ದೆ. ಸಹಿಸಲಾಗದ ಮಾತು ಒಂದೇ. ನಾನಿರುವುದು ಕೊಟ್ಟೂರಿನಲ್ಲಿ. ಫ್ಯಾನ್ಸಿ ಸ್ಟೋರ್ ಇಟ್ಟು, ಹಣೆಬೊಟ್ಟು ಕ್ಲಿಪ್ಪು ಮಾರಿ ಕಟ್ಟಿಸಿದ ಮನೆ. ಬಂದವರಿಗೆ ಅಂತಲೇ ಒಂದು ರೂಮು, ಅದಕ್ಕೆ ಅಂಟಿಕೊಂಡೇ ಬಚ್ಚಲು, ಬಿಸಿನೀರಿನ ಗೀಸರ್. ಅತ್ತೆ ತಿಂಗಳಿಗೊಮ್ಮೆ ಕೊಟ್ಟೂರಿಗೆ ಬರುತ್ತಾಳೆ. ಬಂದು ಎಲ್ಲಿ ಮಲಗುತ್ತಾಳೆ ಹೇಳಿ? ಬಸ್ ಸ್ಟ್ಯಾಂಡಿನ ಹತ್ತಿರ ಬರುವ ಹೋಗುವ ಭಕ್ತರಿಗೆ ಅಂತ ಕಟ್ಟಿಸಿದ ಹೆಂಗಸರ ಡಾರ್ಮೆಟ್ರಿಯಲ್ಲಿ! ಊರಲ್ಲಿ ನನ್ನ ಮರ್ಯಾದೆ ಏನಾಗಬೇಡ? "ಯಾಕ್ರಿ, ಅತ್ತಿ ಜತಿ ಮಾತು ಬಿಟ್ಟೀರೇನು?" ಅಂತ ಅಂಗಡಿಗೆ ಬಂದವರೆಲ್ಲ ಕೇಳುವವರೇ. ನಾನು ಹೊತ್ತಿಗೆ ಸರಿಯಾಗಿ ಟಿಫನ್ ಡಬ್ಬಿ ಹೊತ್ತುಕೊಂಡು ಅಲ್ಲಿಗೆ ಹೋಗುತ್ತೇನೆ, ಅವಳು ಅದನ್ನು ಪಕ್ಕದ ಮಂಚದವರಿಗೆ ಹಂಚಿಬಿಡುತ್ತಾಳೆ.

ಒಂದು ಸಲ ಸಿಟ್ಟಿನಲ್ಲಿ ಕೇಳಿದೆ, ನಮ್ಮ ರೂಮಿನಲ್ಲಿ ಏನು ಮುಳ್ಳಿದೆಯಾ ಅಂತ.

"ನಿನ್ನ ರೂಮಿಗೆ ಚಿಲಕ ಐತೆವ್ವ" ಅಂದಳು.

ಆ ಚಿಲಕದ ಕತೆ ನನಗೆ ಗೊತ್ತಿತ್ತು. ಅತ್ತೆಯ ಗಂಡ, ನಮ್ಮ ಮಾವ, ಮಲ್ಲಿಗೆಯ ವ್ಯಾಪಾರ ಮಾಡುತ್ತಿದ್ದರು. ಹೂವು ತೆಗೆದುಕೊಂಡು ದಾವಣಗೆರೆಗೆ ಹೋದವರು ಬಸ್ಸು ತಪ್ಪಿ ಅಲ್ಲೇ ಲಾಡ್ಜಿನಲ್ಲಿ ರೂಮು ಹಿಡಿದರು. ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿದರು. ಮರುದಿನ ಮಧ್ಯಾಹ್ನವಾದರೂ ಏಳಲಿಲ್ಲ ಅಂತ ಬಾಗಿಲು ಒಡೆದರೆ, ಎದೆನೋವು ಬಂದು ಮಂಚದಿಂದ ಬಾಗಿಲ ತನಕ ತೆವಳಿಕೊಂಡು ಬಂದು ಅಲ್ಲೇ ಹೋಗಿದ್ದರು. ಪಕ್ಕದ ರೂಮಿನಲ್ಲಿ ಜನ ಇದ್ದರು. ಟಿ.ವಿ. ಸದ್ದಿನಲ್ಲಿ ಅವರಿಗೆ ಏನೂ ಕೇಳಿಸಲಿಲ್ಲವಂತೆ. "ನಡುವ ಒಂದು ಗ್ವಾಡಿ ಇರದಿದ್ದರ ಯಾರರ ಒಬ್ಬರು ಎದ್ದು ಬರತಿದ್ರು" ಅಂತ ಅತ್ತೆ ಅವತ್ತು ಹೇಳಿದಳು, ಇವತ್ತಿಗೂ ಅದೇ ಮಾತು. ಅವಳಿಗೆ ಮಕ್ಕಳಿಲ್ಲ. ಮಾವ ಹೋದ ಮೇಲೆ ಅವಳು ಚಿಲಕ ಹಾಕಿದ ಕೋಣೆಯಲ್ಲಿ ಒಂಟಿಯಾಗಿ ಮಲಗುವುದನ್ನೇ ಬಿಟ್ಟಳು. ಡಾರ್ಮೆಟ್ರಿಯಲ್ಲಿ ಅಕ್ಕಪಕ್ಕದವರನ್ನು ಅವಳು ಕೇಳುವುದು ಎರಡೇ ಪ್ರಶ್ನೆ: ಯಾವೂರು, ಎಲ್ಲಿ ನೋಯ್ತೈತಿ. ಜಾತಿ ಯಾವುದು, ದೇವರು ಯಾರು, ಇದೊಂದನ್ನೂ ಕೇಳುವುದಿಲ್ಲ.

ಹೋದ ವರ್ಷದ ಚಳಿಗಾಲದಲ್ಲಿ ನಡೆದದ್ದು ಹೇಳುತ್ತೇನೆ. ಅತ್ತೆ ಹಡಗಲಿಯಿಂದ ಹಗರಿಬೊಮ್ಮನಹಳ್ಳಿ ಮೇಲೆ ಬಸ್ಸಿನಲ್ಲಿ ಬಂದು, ವಾಡಿಕೆಯಂತೆ ನನ್ನ ಮನೆ ಬಿಟ್ಟು ಡಾರ್ಮೆಟ್ರಿ ಸೇರಿದಳು. ಅದೇ ದಿನ ಒಂದು ಹುಡುಗಿ ಬಂತು. ಮಂಡ್ಯದ ಕಡೆಯದು, ಇಪ್ಪತ್ತೈದರ ಆಸುಪಾಸು. ಒಂಟಿಯಾಗಿ ಊರೂರು ತಿರುಗುತ್ತಿತ್ತು. ಹಂಪಿಗೆ ಅಂತ ಹೊರಟಿದ್ದು, ರೈಲಿನಲ್ಲಿ ಜ್ವರ ಬಂದು ಕೂರಲಾಗದೆ ಕೊಟ್ಟೂರಿನಲ್ಲಿ ಇಳಿದುಬಿಟ್ಟಿತ್ತು. ಮಂಚ ಸಿಕ್ಕಿದ್ದು ಅತ್ತೆಯ ಪಕ್ಕದಲ್ಲೇ.

"ಯಾವೂರವ್ವ? ಎಲ್ಲಿ ನೋಯ್ತೈತಿ?"

ಹುಡುಗಿ ಊರು ಹೇಳಿತು. ನೋವು ಎಲ್ಲಿ ಅಂತ ಹೇಳಲಿಲ್ಲ. ಅತ್ತೆ ಜ್ವರದ ಮಾತ್ರೆ ತರಿಸಿ ನುಂಗಿಸಿ, ಹಣೆಗೆ ವಿಭೂತಿ ಹಚ್ಚಲು ಹೋದಾಗ ಮಾತ್ರ ಮುಖ ಆ ಕಡೆ ತಿರುಗಿಸಿತು.

"ಬ್ಯಾಡ ಕಣಜ್ಜಿ. ನಂಗೆ ದೇವ್ರು ಗೀವ್ರು ಅಂದ್ರೆ ನಂಬ್ಕೆ ಇಲ್ಲ."

"ಇರಲಿ ಬಿಡು. ಅವನೇನ ತಪ್ಪು ತಿಳಕಣಾಂಗಿಲ್ಲ" ಅಂದಳಂತೆ ಅತ್ತೆ, ಕೈ ಹಿಂದೆ ತೆಗೆದುಕೊಂಡು.

ಆಮೇಲೆ ಹುಡುಗಿ ತಾನಾಗಿಯೇ ಹೇಳಿಕೊಂಡಿತು. ಅದರ ತಾಯಿ ತೀರಿ ವರ್ಷವಾಗಿತ್ತು. ಹೊಟ್ಟೆಯ ಗಡ್ಡೆ. ಮನೆಯವರು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದರು, ಹುಡುಗಿ ಬರಿಗಾಲಲ್ಲಿ ಬೆಟ್ಟ ಹತ್ತಿತ್ತು. ಒಂದೂ ಕೈ ಹಿಡಿಯಲಿಲ್ಲ. ಅತ್ತೆ ಇದಕ್ಕೆ ಸಮಾಧಾನ ಹೇಳಲಿಲ್ಲ, ಕರ್ಮ ಗಿರ್ಮ ಅನ್ನಲಿಲ್ಲ. "ಭಾಳ ನರಳಿದಳೇನು?" ಅಂತಷ್ಟೇ ಕೇಳಿದಳಂತೆ.

ಮರುದಿನ ಮುಂಜಾನೆ ನನಗೆ ಫೋನ್ ಬಂತು. ಮಾಡಿದ್ದು ಗಂಗಮ್ಮ, ಆ ಡಾರ್ಮೆಟ್ರಿ ನೋಡಿಕೊಳ್ಳುವವಳು. ಕಸ ಹೊಡೆಯುವುದರಿಂದ ಹಿಡಿದು ಬೀಗ ಹಾಕುವ ತನಕ ಎಲ್ಲ ಅವಳದೇ.

"ಲಗೂನ ಬರ್ರಿ ಅಕ್ಕಾರ. ನಿಮ್ಮತ್ತಿ ಬರೇ ಅಂಗೈ ನೋಡಿಕೆಂತ ಕುಂತಾರ. ಮಾತಾಡವಲ್ರು."

ಉಪ್ಪಿಟ್ಟಿನ ಡಬ್ಬಿ ಹಿಡಿದು ಓಡಿದೆ. ನಡೆದದ್ದನ್ನು ಅಲ್ಲಿ ಗಂಗಮ್ಮ ಹೇಳಿದಳು. ಅತ್ತೆ ಮಂಚದ ಮೇಲೆ ಪೂಜೆಗೆ ಕೂತಿದ್ದಾಳೆ, ಲಿಂಗ ಎಡ ಅಂಗೈಯಲ್ಲಿದೆ. ಪಕ್ಕದಲ್ಲಿ ಹುಡುಗಿ ಇದ್ದಕ್ಕಿದ್ದ ಹಾಗೆ ಎದ್ದು ಕೂತು ವಾಂತಿ ಮಾಡತೊಡಗಿದೆ. ಅತ್ತೆಗೆ ಏನು ಹೊಳೆಯಿತೋ, ಬಲಗೈಯಲ್ಲಿ ಮಂಚದ ಕೆಳಗಿನ ಬಕೀಟು ಎಳೆದು, ಎಡಗೈಯಲ್ಲಿ ಹುಡುಗಿಯ ಹಣೆ ಒತ್ತಿ ಹಿಡಿದಿದ್ದಾಳೆ. ವಾಂತಿ ಮಾಡುವವರ ಹಣೆ ಹಿಡಿಯಬೇಕು, ಎಲ್ಲ ತಾಯಂದಿರೂ ಹಾಗೇ ಹಿಡಿಯುತ್ತಾರೆ. ಆದರೆ ಆ ಅಂಗೈಯಲ್ಲಿ ದೇವರಿದ್ದ! ಗಂಗಮ್ಮ ಬಕೀಟು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದು, ಭರ್ತಿ ನೀರು ಬಿಟ್ಟು ತೊಳೆದಳು. ಹುಡುಗಿಯನ್ನು ಒರಗಿಸಿ, ಬಾಯಿ ಒರೆಸಿ, ಹೊದಿಕೆ ಹೊದಿಸಿ ತಿರುಗಿ ಕೂತ ಮೇಲೇ ಅತ್ತೆ ತನ್ನ ಅಂಗೈ ನೋಡಿಕೊಂಡಿದ್ದು. ಅದು ಖಾಲಿ; ಲಿಂಗ ಬಕೀಟಿಗೆ ಜಾರಿ ಬಚ್ಚಲ ನೀರಿನ ಜತೆ ಹೋಗಿತ್ತು.

"ಅತ್ತಿ, ಸೂಜಿ ತಗಂಡಿಯೇನು?" ಅಂತ ಕೇಳಿದೆ. ಅವಳಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಂಡು ಪೂಜೆಗೆ ಕೂತು, ಎದ್ದ ಕೂಡಲೇ ತಿನ್ನುವುದು ರೂಢಿ. ತಿನ್ನದಿದ್ದರೆ ಸಕ್ಕರೆ ಇಳಿದು ಮನುಷ್ಯ ಕೂತಲ್ಲೇ ಬೀಳುತ್ತಾನೆ ಅಂತ ಡಾಕ್ಟರು ನನ್ನೆದುರೇ ಹೇಳಿದ್ದರು.

"ತಗಂಡೀನಿ."

"ಹಂಗಾದರ ಮೊದಲು ತಿನ್ನು ಮಾರಾಯ್ತಿ."

"ಲಿಂಗ ಕಳಕಂಡ ಬಾಯಾಗ ನೀರೂ ಹಾಕಾಂಗಿಲ್ಲ."

ನಮ್ಮ ಮನೆತನದ ಅಯ್ಯನವರು ಕೂಡ್ಲಿಗಿಯವರು. ಅವರಿಗೆ ಫೋನ್ ಹಚ್ಚಿದೆ. ಅವರು ಹರಪನಹಳ್ಳಿಯಲ್ಲಿ ಯಾರದೋ ಗೃಹಪ್ರವೇಶದಲ್ಲಿದ್ದರು, ಹಿಂದಿನಿಂದ ವಾಲಗ ಕೇಳುತ್ತಿತ್ತು. "ಈಗ ಹಂಗೆಲ್ಲ ಕಟ್ಟುನಿಟ್ಟು ನೋಡಂಗಿಲ್ಲಮ್ಮ. ನಾಳಿ ಮುಂಜಾನಿ ಬಂದು ಹೊಸ ಲಿಂಗ ಕಟ್ತೀನಿ. ಊಟ ಮಾಡಾಕ ಹೇಳು" ಅಂದರು. ಫೋನನ್ನು ಅತ್ತೆಯ ಕಿವಿಗೇ ಹಿಡಿದೆ. ಎಲ್ಲ ಕೇಳಿಸಿಕೊಂಡು, "ಹಂಗಾದರ ನಾಳಿ ಉಣ್ತೀನ್ರಿ ಬುದ್ಧಿ" ಅಂದಳು. ನಾಳೆ ಉಣ್ಣಲು ಅವಳು ಇರಬೇಕಲ್ಲ?

ಹುಡುಕಾಟ ಶುರುವಾಯಿತು. ಬಚ್ಚಲ ಜಾಲರಿ ಕಿತ್ತರು. ಡಾರ್ಮೆಟ್ರಿಯಲ್ಲಿದ್ದ ಹೆಂಗಸರೆಲ್ಲ ನೆರೆದರು. ಒಬ್ಬಾಕೆ ಕೋಲು ಹಾಕಿ ಅಂದಳು, ಇನ್ನೊಬ್ಬಾಕೆ ಕೋಲು ಹಾಕಿದರೆ ಇನ್ನೂ ಒಳಗೆ ಹೋಗುತ್ತದೆ ಅಂದಳು, ಮತ್ತೊಬ್ಬಾಕೆ ಇದಕ್ಕೆಲ್ಲ ಕಲಿಗಾಲ ಕಾರಣ ಅಂದಳು. ಹಿತ್ತಲಲ್ಲಿ ಬಚ್ಚಲ ನೀರು ಬಂದು ಬೀಳುವ ಗುಂಡಿಯ ಕಲ್ಲು ಸರಿಸಿದಾಗ ಎಲ್ಲರೂ ಸೆರಗು ಮೂಗಿಗೆ ಹಿಡಿದು ಹಿಂದೆ ಸರಿದೆವು. ಆಗ ನಮ್ಮನ್ನೆಲ್ಲ ಪಕ್ಕಕ್ಕೆ ಸರಿಸಿಕೊಂಡು ಆ ಹುಡುಗಿ ಬಂತು. ಜ್ವರ ಇನ್ನೂ ಇಳಿದಿರಲಿಲ್ಲ, ನಡೆಯುವಾಗ ತೂಗಾಡುತ್ತಿತ್ತು. ಅಂಗಿಯ ತೋಳು ಮೇಲಕ್ಕೆ ಮಡಚಿ, ಹೊಟ್ಟೆಯ ಮೇಲೆ ಮಲಗಿ, ಗುಂಡಿಯೊಳಗೆ ಕೈ ಇಳಿಸಿತು. ದೇವರಿಲ್ಲ ಅನ್ನುವವಳು ತೋಳುದ್ದ ಕೊಚ್ಚೆಯಲ್ಲಿ ದೇವರನ್ನು ಹುಡುಕುತ್ತಿದ್ದಳು, ದೇವರಿದ್ದಾನೆ ಅನ್ನುವ ನಾವೆಲ್ಲ ಮೂಗು ಮುಚ್ಚಿಕೊಂಡು ದಡದಲ್ಲಿ ನಿಂತಿದ್ದೆವು!

ಏನೇನೋ ಸಿಕ್ಕವು. ಹೇರ್‌ಪಿನ್ನು, ಹಲ್ಲು ಮುರಿದ ಬಾಚಣಿಗೆ, ಯಾರದೋ ಕಾಲುಂಗುರ. ಲಿಂಗ ಸಿಗಲಿಲ್ಲ. ಗುಂಡಿಯಿಂದ ಆಚೆ ಬೀದಿಯ ಚರಂಡಿ, ಅದರಾಚೆ ಯಾರಿಗೆ ಗೊತ್ತು.

ಗಂಗಮ್ಮ ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದಳು. "ಮಠದ ಮುಂದಿನ ಅಂಗಡ್ಯಾಗ ಲಿಂಗ ಸಿಗತಾವಲ್ರಿ. ಒಂದು ತಂದು ಒಂಚೂರು ಮಣ್ಣು ಹಚ್ಚಿ, ಸಿಕ್ತು ಅನ್ರಿ. ಕರೀದು ಎಲ್ಲಾ ಒಂದಾ ಥರ ಇರತಾವ." ಸುಳ್ಳು ಯಾಕೆ ಹೇಳಲಿ, ನನಗದು ಒಳ್ಳೆಯ ಉಪಾಯ ಅನಿಸಿತು. ಜೀವ ಉಳಿದರೆ ಸಾಕಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟವಳನ್ನು ಹುಡುಗಿ ಬಾಗಿಲಲ್ಲೇ ಅಡ್ಡಗಟ್ಟಿತು.

"ಬ್ಯಾಡ ಅಕ್ಕ. ನಮ್ಮಮ್ಮಂಗೂ ಎಲ್ರೂ ಹಿಂಗೇ ಸುಳ್ಳು ಹೇಳಿದ್ರು. ಗಡ್ಡೆ ಕರಗ್ತಾ ಐತೆ, ಹುಷಾರಾಯ್ತೀಯ ಅಂತ. ಅಮ್ಮಂಗೆ ಗೊತ್ತಾಗ್ತಿತ್ತು. ಗೊತ್ತಾದ್ರೂ ನಮಗೋಸ್ಕರ ನಂಬಿದೋರಂಗೆ ಇದ್ರು."

ನಾನು ಚಪ್ಪಲಿ ಬಿಟ್ಟೆ.

ಒಳಗೆ ಬಂದರೆ ಅತ್ತೆ ಗೋಡೆಗೆ ಒರಗಿದ್ದಳು. ಆ ಚಳಿಯಲ್ಲೂ ಹಣೆಯಿಂದ ಬೆವರು ಇಳಿಯುತ್ತಿತ್ತು, ಕೈ ಗಡಗಡ ನಡುಗುತ್ತಿತ್ತು. ಗ್ಲಾಸಿಗೆ ನೀರು ಹಾಕಿ ಸಕ್ಕರೆ ಕಲಸಿ ತುಟಿಗೆ ಹಿಡಿದೆ. ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಆಸ್ಪತ್ರೆಗಾದರೂ ಹೋಗೋಣ ಏಳು ಅಂದೆ. "ಹಸ್ತ ಖಾಲಿ ಇಟಗಂಡು ಎಲ್ಲಿಗೂ ಬರಾಂಗಿಲ್ಲ" ಅಂದಳು. ನಾಲಿಗೆ ಆಗಲೇ ತೊದಲುತ್ತಿತ್ತು. ಬೈದೆ, ಕಣ್ಣೀರು ಹಾಕಿದೆ, ಕಾಲು ಹಿಡಿದೆ. ಗಂಗಮ್ಮ ಆಟೋ ಕರೆಯಲು ಹೊರಗೆ ಓಡಿದಳು. ಬಲವಂತವಾಗಿ ಬಾಯಿಗೆ ಸುರಿದುಬಿಡಲೇ ಅನಿಸಿತು, ಆದರೆ ಆ ಮುಖ ನೋಡಿದರೆ ಧೈರ್ಯ ಬರಲಿಲ್ಲ.

ಹುಡುಗಿ ಕೈ ತೊಳೆದುಕೊಂಡು ಬಂದು ಮಂಚದ ಪಕ್ಕ ನೆಲದ ಮೇಲೆ ಕೂತಿತು.

"ಸಿಗ್ಲಿಲ್ಲ ಕಣಜ್ಜಿ."

"ಇರಲಿ ಬಿಡವ್ವ. ನೀ ಯಾಕ ಆ ಹೊಲಸಿನಾಗ ಕೈ ಹಾಕಿದಿ?"

"ನನ್ನಿಂದಾನೇ ಅಲ್ವಾ ಹೋಗಿದ್ದು. ನಮ್ಮಮ್ಮನೂ ಕೊನೆಗೆ ಹಿಂಗೇ ಬಾಯಿ ಮುಚ್ಕೊಂಡ್ಬಿಟ್ರು. ಚಮಚದಲ್ಲಿ ಬಿಟ್ರೂ ಒಳಕ್ಕೆ ಹೋಗ್ಲಿಲ್ಲ. ನೀವೂ ಹಂಗೇ ಮಾಡಿದ್ರೆ ನಾನ್ ಎಲ್ಲೋಗ್ಲಿ ಅಜ್ಜಿ?"

ಅಷ್ಟು ಹೇಳಿ ಅಳತೊಡಗಿತು. ಅತ್ತೆಯ ಎಡಗೈ ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು, ಮುಂಜಾನೆಯಿಂದ ಅವಳು ಅದನ್ನು ಮುಚ್ಚಿರಲೇ ಇಲ್ಲ. ನಿತ್ರಾಣವೋ ದುಃಖವೋ, ಹುಡುಗಿಯ ತಲೆ ಬಾಗಿ ಬಾಗಿ ಹಣೆ ಆ ಅಂಗೈ ಮೇಲೆ ಬಂದು ಕೂತಿತು. ಅದು ಬೇಕೆಂದು ಮಾಡಿದ್ದಲ್ಲ. ಅತ್ತೆ ಬೆಚ್ಚಿದಳು. ಕೈ ಎಳೆದುಕೊಳ್ಳುತ್ತಾಳೆ ಅಂದುಕೊಂಡೆ.

ಎಳೆದುಕೊಳ್ಳಲಿಲ್ಲ. "ಇನ್ನಾ ಸುಡಾಕತ್ತೈತಲ್ಲವ್ವ ಮೈ" ಅಂದಳು. ಆಮೇಲೆ ತನ್ನ ಅಂಗೈಯನ್ನೂ ಅದರಲ್ಲಿದ್ದ ಹಣೆಯನ್ನೂ ಬಹಳ ಹೊತ್ತು ನೋಡಿದಳು. ಪೂಜೆಯ ವಿಭೂತಿ, ಮಲ್ಲಿಗೆ ಮುಂಜಾನೆ ಬಿಟ್ಟಲ್ಲೇ ಹಾಸಿಗೆಯ ಮೇಲಿದ್ದವು. ನಡುಗುವ ಬಲಗೈ ಚಾಚಿ ತಡವರಿಸಿ ವಿಭೂತಿ ತೆಗೆದುಕೊಂಡಳು. ಹಣೆ ಕೆಳಗಾಗಿತ್ತಲ್ಲ, ಹುಡುಗಿಯ ಕೂದಲ ಮೇಲೇ ಮೂರು ಬೆರಳಿನಿಂದ ಎಳೆದಳು. ಒಂದು ಹೂವು ಇಟ್ಟಳು. ಕಣ್ಣು ಮುಚ್ಚಿದಳು, ತುಟಿ ಅಲ್ಲಾಡಿತು. ದಿನಾ ಮಾಡುವಷ್ಟೇ ಹೊತ್ತು, ಒಂದಿಷ್ಟೂ ಅವಸರ ಮಾಡಲಿಲ್ಲ. ನಾನು ಗ್ಲಾಸು ಹಿಡಿದು ನಿಂತೇ ಇದ್ದೆ.

ಕಣ್ಣು ತೆರೆದು ನನ್ನ ಕಡೆ ತಿರುಗಿದಳು. "ಪೂಜಿ ಆತು. ತಾ ಇಲ್ಲಿ."

ಕುಡಿದಳು. ಒಂದು ಹನಿ ಬಿಡದೆ ಕುಡಿದಳು. ನನಗೆ ಆಗ ಬಂದ ಅಳುವನ್ನು ನಾನು ತಡೆಯಲೂ ಇಲ್ಲ. ಅಯ್ಯನವರು ಮರುದಿನ ಬಂದು ಶಾಸ್ತ್ರೋಕ್ತವಾಗಿ ಹೊಸ ಲಿಂಗ ಕಟ್ಟಿದರು. ಈ ಪೂಜೆಯ ವಿಷಯ ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅದು ಸರಿಯೋ ತಪ್ಪೋ ಅಂತ ಅವರು ಏನಾದರೂ ಹೇಳಬೇಕಾಗುತ್ತಿತ್ತು, ನನಗೆ ಅದು ಬೇಡವಾಗಿತ್ತು.

ಅದು ಮರುದಿನದ ಮಾತು. ಅತ್ತೆ ಸಕ್ಕರೆ ನೀರು ಕುಡಿದ ಆ ಹೊತ್ತಿನಲ್ಲಿ ನಾನು ಡಬ್ಬಿ ತೆಗೆದು, "ಏಳವ್ವ, ನೀನೂ ಎರಡು ತುತ್ತು ತಿನ್ನು" ಅಂತ ಹುಡುಗಿಯ ಭುಜ ಮುಟ್ಟಲು ಹೋದೆ. ಅತ್ತೆ ಕಣ್ಣಲ್ಲೇ ಗದರಿಸಿದಳು.

"ಸುಮ್ಕಿರು. ಈಗ ನಿದ್ದಿ ಹತ್ತೈತಿ ಆಕೀಗೆ."

ಹೌದು, ಅಂಗೈ ಮೇಲೆ ಹಣೆ ಇಟ್ಟ ಹಾಗೇ ಹುಡುಗಿ ನಿದ್ದೆ ಹೋಗಿತ್ತು. ಅತ್ತೆ ಆ ಕೈಯನ್ನು ಅಲ್ಲಾಡಿಸಲಿಲ್ಲ, ಇನ್ನೊಂದು ಕೈ ಇನ್ನೂ ನಡುಗುತ್ತಿತ್ತು. ನಾನೇ ಉಪ್ಪಿಟ್ಟನ್ನು ತುತ್ತು ಮಾಡಿ ಅವಳ ಬಾಯಿಗೆ ಇಟ್ಟೆ.